ನಕಾಶೆಯಲ್ಲಿ ಇಲ್ಲದ ರೊಪ್ಪ

ಬೋರಕ್ಕನ ಬಾಯಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರೂ ಹೆದರುತ್ತಿದ್ದರು. ಹೊಗಳಿಕೆಗೆ ಹೇಳುವ ಮಾತಲ್ಲ ಇದು. ಶೇಂಗಾ ಹಸನು ಮಾಡುವ ಹೆಂಗಸರ ಸಾಲಿನಲ್ಲಿ ಅವಳು ಕೂತಿದ್ದಾಳೆ ಅಂದರೆ ಮೇಸ್ತ್ರಿ ದೂರದಿಂದಲೇ ಕೆಮ್ಮಿಕೊಂಡು ಬರುತ್ತಿದ್ದ. ಮೊರದಲ್ಲಿ ಕಲ್ಲು ಸಿಕ್ಕರೆ ಕಲ್ಲಿಗೆ ಬೈಯುತ್ತಿದ್ದಳು, ಗಾಳಿ ಬೀಸದಿದ್ದರೆ ಗಾಳಿಗೆ ಬೈಯುತ್ತಿದ್ದಳು. ಗಂಡ ಸತ್ತಾಗ ಹೆಣದ ಮುಂದೆ ಕೂತು, "ಹೇಳ್ದೆ ಕೇಳ್ದೆ ಎದ್ದು ಹೋದ್ಯಲ್ಲೋ ಮುಂಡೇದೆ" ಎಂದು ಅವನಿಗೂ ಬೈದಳು. ಅಳುವುದು ಅವಳಿಗೆ ಬರುತ್ತಿರಲಿಲ್ಲ. ಸಂಕಟ, ಪ್ರೀತಿ, ಭಯ ಎಲ್ಲಾ ಸಿಟ್ಟಾಗಿಯೇ ಹೊರಗೆ ಬರುತ್ತಿತ್ತು.

ಆ ಬಾಯಿ ತಣ್ಣಗಾಗುತ್ತಿದ್ದದ್ದು ಒಂದೇ ಜಾಗದಲ್ಲಿ, ತಮ್ಮ ಓಬಯ್ಯ ಕಾಯುವ ರೊಪ್ಪದ ಮುಂದೆ. ರೊಪ್ಪ ಅಂದರೆ ಅರಮನೆಯೇನಲ್ಲ. ಜಾಲಿಮುಳ್ಳು, ಬಾರೆಮುಳ್ಳು ಒಟ್ಟಿ ಆಳೆತ್ತರಕ್ಕೆ ಹಾಕಿದ ಬೇಲಿ, ಒಳಗೆ ದನ ತುಳಿದು ತುಳಿದು ಗಟ್ಟಿಯಾದ ನೆಲ, ನಡುವೆ ಒಂದು ಕಮರದ ಮರ. ಅಲ್ಲಿ ಇರುವುದು ಬೋರೇದೇವರ ಹೆಸರಿಗೆ ಬಿಟ್ಟ ದನ. ದೇವರೆತ್ತು ಅನ್ನುತ್ತಾರೆ. ಅವಕ್ಕೆ ನೊಗ ಹೂಡುವಂತಿಲ್ಲ, ಹಾಲು ಕರೆದು ಮಾರುವಂತಿಲ್ಲ. ಸತ್ತರೆ ಹಿರಿಯರನ್ನು ಮಣ್ಣು ಮಾಡಿದ ಹಾಗೆ ಪೂಜೆ ಮಾಡಿ ಮಣ್ಣು ಮಾಡಬೇಕು. ಅವನ್ನು ಕಾಯುವವನಿಗೆ ಕಿಲಾರಿ ಎಂದು ಹೆಸರು. ಬೋರಕ್ಕನ ಅಪ್ಪ ಮಾರಣ್ಣ ಕಿಲಾರಿಯಾಗಿದ್ದ, ಅವನು ಹೋದ ಮೇಲೆ ಓಬಯ್ಯ. ರೊಪ್ಪದೊಳಗೆ ಮೆಟ್ಟು ಹಾಕಿಕೊಂಡು ಯಾರೂ ಕಾಲಿಡುವಂತಿಲ್ಲ. ಮೆಟ್ಟು ಅಂದರೆ ದನದ ಚರ್ಮ ತಾನೆ? ದೇವರ ದನದ ಮುಂದೆ ಅದನ್ನು ತುಳಿದುಕೊಂಡು ನಿಲ್ಲುವುದುಂಟೆ?

ಮದುವೆ ಮಾಡಿ ಕೊಟ್ಟ ಹೆಣ್ಣೂ ಒಳಗೆ ಹೋಗುವಂತಿಲ್ಲ. ಬೋರಕ್ಕನಿಗೆ ಇದೊಂದು ಹಳೇ ಉರಿ. ಹುಡುಗಿಯಾಗಿದ್ದಾಗ ಆ ಕಮರದ ಬುಡದಲ್ಲೇ ಮಲಗಿ ಎದ್ದವಳು ಅವಳು. ತಾಳಿ ಕಟ್ಟಿಸಿಕೊಂಡ ಮಾರನೇ ದಿನದಿಂದ ಬೇಲಿಯಾಚೆ. ಗಂಡ ಸತ್ತು ತಾಳಿ ಹೋದ ಮೇಲಾದರೂ ಬಿಡಬಾರದೇನೋ ಎಂದು ತಮ್ಮನ ಜೊತೆ ಜಗಳ ಆಡಿದ್ದಳು. "ಕಟ್ಟಳೆ ಅಕ್ಕಾ" ಅಂದಿದ್ದ ಓಬಯ್ಯ. "ನಿನ್ನ ಕಟ್ಟಳೆಗೆ ಬೆಂಕಿ ಹಾಕ" ಅಂದಿದ್ದಳು ಅವಳು. ಆದರೂ ಒಳಗೆ ಕಾಲಿಡಲಿಲ್ಲ. ಮಿಲ್ಲು ಬಿಟ್ಟ ಮೇಲೆ ಸೆರಗಿನಲ್ಲಿ ಒಂದಿಷ್ಟು ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು ಬೇಲಿಯ ಸಂದಿಯಲ್ಲಿ ಕೈ ತೂರಿಸುತ್ತಿದ್ದಳು. ಒಳಗಿಂದ ಒದ್ದೆ ಮೂತಿಯೊಂದು ಬಂದು ಅಂಗೈ ನೆಕ್ಕುತ್ತಿತ್ತು. ಅಷ್ಟಕ್ಕೇ ಅವಳ ದಿನದ ಸಿಟ್ಟೆಲ್ಲ ಇಳಿಯುತ್ತಿತ್ತು.

ಆ ರೊಪ್ಪದ ಬಗ್ಗೆ ಮನೆಯಲ್ಲಿ ಒಂದು ನಗೆಯ ಕಥೆ ಇತ್ತು. ಪ್ರತಿ ಉಗಾದಿಗೂ ಅಪ್ಪ ಹೇಳುತ್ತಿದ್ದ, ಅವನ ನಂತರ ಓಬಯ್ಯ ಅಪ್ಪನ ಧ್ವನಿಯಲ್ಲೇ ಹೇಳುತ್ತಿದ್ದ. ಬೋರಕ್ಕ ಇನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲ. ದನ ಮೇಯಲು ಹುಲ್ಲಿನ ಕಾವಲಿಗೆ ಹೋಗಿದ್ದಾವೆ. ಯಾರೋ ಸರ್ಕಾರಿ ಮನುಷ್ಯ ಬೂಟು ಹಾಕಿಕೊಂಡು, ಮೂರು ಕಾಲಿನ ದುರ್ಬೀನು ಹೊರಿಸಿಕೊಂಡು ಬಂದಿದ್ದಾನೆ. ನೆಲ ಅಳೆಯುವವರು. "ಒಳಗೆ ಏನಿದೆ?" ಅಂತಾನೆ. ಬಿಟ್ಟರೆ ಬೂಟಿನಲ್ಲೇ ನುಗ್ಗುವ ಅಂದಾಜು. ಮಾರಣ್ಣ ಕೋಲು ಅಡ್ಡ ಹಿಡಿದು, "ಒಳಗೆ ಏನೂ ಇಲ್ಲ ಸ್ವಾಮಿ, ಬರೀ ಮುಳ್ಳು" ಅಂತಾನೆ. "ನಂಬಿ ಹೋದ ನನ್ಮಗ! ಸರ್ಕಾರಾನೇ ವಾಪಸ್ ಕಳಿಸಿದೆ ನೋಡು" ಎಂದು ಅಪ್ಪ ತೊಡೆ ತಟ್ಟಿಕೊಂಡರೆ ಹಟ್ಟಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಬೋರಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕವಳೇ.

ಆಗ ಹಟ್ಟಿ ಇದ್ದದ್ದು ಊರಾಚೆ. ಹಟ್ಟಿಯವರು ಎಲ್ಲಿಗೂ ಹೋಗಲಿಲ್ಲ, ಊರೇ ಹಟ್ಟಿಯ ಮೇಲೆ ಬಂತು. ಮಿಲ್ಲು ಬಂದವು, ಮಿಲ್ಲಿನ ಹಿಂದೆ ಲಾರಿ, ಲಾರಿಯ ಹಿಂದೆ ಹೋಟ್ಲು, ಹೋಟ್ಲಿನ ಹಿಂದೆ ಬಡಾವಣೆ. ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ರೊಪ್ಪದ ಸುತ್ತ ಸುಣ್ಣ ಬಳಿದ ಕಲ್ಲುಗಳು ಎದ್ದು ನಿಂತವು. ಯಾವುದೋ ಮನೆ ಕಟ್ಟುವ ಸಂಘವಂತೆ, ದುಡ್ಡಿದ್ದವರದ್ದು. ಈ ದಿಬ್ಬವನ್ನು ತಮಗೆ ಕೊಡಿ ಎಂದು ಅರ್ಜಿ ಹಾಕಿದ್ದರು. ಬೋರಕ್ಕ ಮೊದಲ ಕಲ್ಲನ್ನು ಕಿತ್ತು ಮೋರಿಗೆ ಉರುಳಿಸಿ, ಎರಡನೆಯದಕ್ಕೆ ಕೈ ಹಾಕುವ ಹೊತ್ತಿಗೆ ಸರ್ವೆಯ ಸಾಹೇಬರು ಬಂದರು. ಸೋಮಶೇಖರಪ್ಪ ಅಂತ. ಮೆತ್ತಗಿನ ಮನುಷ್ಯ.

"ಸಿಟ್ಟು ಮಾಡ್ಕೋಬೇಡಮ್ಮ. ದಾಖಲೆಯಲ್ಲಿ ಇದು ಸರ್ಕಾರಿ ಕುರುಚಲು ಜಾಗ. ಹಳೇ ನಕಾಶೆಯಲ್ಲಿ ದನದ ದೊಡ್ಡಿ ಅಂತ ಗುರುತಿದ್ರೆ ತಂದು ತೋರಿಸು. ಒಂದು ಹುಲ್ಲುಕಡ್ಡಿ ಮುಟ್ಟೋಕೂ ನಾನು ಬಿಡಲ್ಲ. ಇಲ್ಲದಿದ್ರೆ ನನ್ನ ಕೈಲಿ ಏನೂ ಇಲ್ಲ" ಅಂದರು.

"ತೋರಿಸ್ತೀನಿ ಬಿಡ್ರಿ! ನಿಮ್ಮ ಮಿಲ್ಲಿಗಿಂತ, ನಿಮ್ಮ ಆಫೀಸಿಗಿಂತ ಮುಂಚೆಯಿಂದ ಐತೆ ಇದು" ಎಂದು ಬೋರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಅವಳಿಗೆ ನಕಾಶೆ ಗೊತ್ತಿರಲಿಲ್ಲ, ನಕಾಶೆ ಗೊತ್ತಿದ್ದವರು ಗೊತ್ತಿದ್ದರು. ಕಾಲೇಜಿನಲ್ಲಿ ಭೂಗೋಳ ಹೇಳುವ ಸುಲೋಚನಮ್ಮ. ಅವರ ಮನೆಯ ಬಚ್ಚಲ ನೀರು ದನದ ದಾರಿಗೆ ಹರಿಯುತ್ತದೆಂದು ಬೋರಕ್ಕ ಒಮ್ಮೆ ಬೀದಿಯಲ್ಲಿ ನಿಂತು ಅವರ ಜನ್ಮ ಜಾಲಾಡಿದ್ದಳು. ಆಯಮ್ಮ ಎದುರು ಮಾತಾಡದೆ ಪೈಪು ತಿರುಗಿಸಿದರು. ಅಲ್ಲಿಂದ ಇಬ್ಬರಿಗೂ ಸ್ನೇಹ. ಅವರ ಕಾಲೇಜಿನ ಬೀರುವಿನಲ್ಲಿ ಹಳೇ ನಕಾಶೆಗಳ ಸುರುಳಿಯೇ ಇತ್ತು.

ಸುಲೋಚನಮ್ಮ ಮೂರು ಹಾಳೆ ತಂದು ತಮ್ಮ ಮನೆಯ ನೆಲದ ಮೇಲೆ ಹಾಸಿದರು. ಮೂಲೆಗಳು ಮಡಚದ ಹಾಗೆ ಲೋಟ ಇಟ್ಟರು. ಬೋರಕ್ಕ ಕುಕ್ಕರಗಾಲಲ್ಲಿ ಕೂತಳು.

ಮೊದಲನೆಯದು ಸ್ವಾತಂತ್ರ್ಯಕ್ಕೂ ಮುಂಚಿನದು. ಚಳ್ಳಕೆರೆ ಅದರಲ್ಲಿ ಒಂದು ಹಿಡಿಯಷ್ಟು. ಗುಡಿ, ಅದರ ಸುತ್ತ ನಾಲ್ಕು ಬೀದಿ, ನೀಲಿ ಬಣ್ಣದ ಕೆರೆ, ಸುತ್ತಲೂ ಬಟಾಬಯಲು. ಎರಡನೆಯದು ಐವತ್ತರ ದಶಕದ ಕೊನೆಯದು. ಅದರಲ್ಲಿ ಊರು ಮೈ ಮುರಿದು ಎದ್ದಿತ್ತು. ಬಳ್ಳಾರಿ ರಸ್ತೆ ಕೆಂಪಗೆ, ದಪ್ಪಗೆ. ಅದರ ಬದಿಗೆ ಪುಟ್ಟ ಪುಟ್ಟ ಕರಿ ಚೌಕಗಳು. "ಇವೇ ನಿಮ್ಮ ಎಣ್ಣೆ ಮಿಲ್ಲು ಬೋರಕ್ಕ. ಈ ಗೆರೆ ಐತಲ್ಲ, ಇದು ಚಿಮಣಿ." ಮೂರನೆಯದು ಎಪ್ಪತ್ತರ ಈಚಿನದು. ಅದರಲ್ಲಿ ಚೌಕಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಕೆರೆ ಒಂದು ಬದಿಗೆ ಕರಗಿತ್ತು, ಬಂಡಿಜಾಡುಗಳೆಲ್ಲ ರಸ್ತೆಗಳಾಗಿದ್ದವು.

ಬೋರಕ್ಕನಿಗೆ ಬೈಯುವುದೇ ಮರೆತುಹೋಯಿತು. ಅಯ್ಯೋ, ತನ್ನ ಬದುಕೆಲ್ಲ ಇಲ್ಲಿ ಬಿದ್ದಿದೆಯಲ್ಲ! ಆ ಚಿಮಣಿಯ ಮೊದಲ ಹೊಗೆ ಎದ್ದಾಗ ಊರಿಗೆ ಬೆಂಕಿ ಬಿತ್ತೆಂದು ಅವ್ವ ಕೊಡ ಹಿಡಿದುಕೊಂಡು ಓಡಿದ್ದಳು. ಈ ಬಂಡಿಜಾಡಿನಲ್ಲೇ ಗಂಡ ಶೇಂಗಾ ಮೂಟೆ ಹೇರಿಕೊಂಡು ಹೋಗುವಾಗ ಅವಳನ್ನು ಮೊದಲು ನೋಡಿದ್ದು. ಬೆರಳಿಟ್ಟು ಬೆರಳಿಟ್ಟು ಕೇಳಿದಳು. ಇದೇನು? ಸಿಹಿನೀರ ಬಾವಿ. ಇದು? ಅಗಸರ ಬಂಡೆ. ಇದು? ಈಚಲ ತೋಪು, ಪಕ್ಕದಲ್ಲಿ ಹೆಂಡದ ಗುಡಿಸಲು.

"ಸರಿ, ರೊಪ್ಪ ಎಲ್ಲೈತೆ ತೋರಿಸ್ರಿ" ಅಂದಳು.

ಸುಲೋಚನಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎರಡನೇ ಹಾಳೆಯ ಮೇಲೆ ಬಾವಿಯಿಂದ ದಿಬ್ಬದ ಕಡೆಗೆ ಬೆರಳು ಸರಿಸಿದರು. ದಿಬ್ಬ ಇತ್ತು. ಅದರ ಮೇಲೆ ಪೊದೆಯ ಗುರುತು, ಮೂರು ಚಿಕ್ಕ ಗೀಟು. ಮತ್ತೇನೂ ಇಲ್ಲ. ಮೂರನೇ ಹಾಳೆಯಲ್ಲೂ ಅದೇ ಪೊದೆ. "ಎರಡನೇದನ್ನೇ ನೋಡಿ ಇದನ್ನೂ ಬರೆದಿರ್ತಾರೆ. ಖಾಲಿ ಬಿಟ್ಟಿದ್ದಾರೆ ಬೋರಕ್ಕ" ಅಂದರು ಮೆಲ್ಲಗೆ.

"ಖಾಲಿ? ಅಗಸರ ಬಂಡೆ ಕಾಣ್ತು, ಹೆಂಡದ ಗುಡಿಸ್ಲು ಕಾಣ್ತು, ನನ್ನ ದೇವರು ಕಾಣ್ಲಿಲ್ವಾ ಆ ಕುರುಡು ನನ್ಮಕ್ಕಳಿಗೆ?" ಎಂದು ಬೋರಕ್ಕ ಎದ್ದ ರಭಸಕ್ಕೆ ಲೋಟ ಉರುಳಿ ಹಾಳೆ ಸುರುಳಿ ಸುತ್ತಿಕೊಂಡಿತು. "ಬಾವಿ ತನಕ ಬಂದೋನಿಗೆ ಹತ್ತು ಹೆಜ್ಜೆ ಈ ಕಡೆ ಬಂದು ಕೇಳೋಕೆ ಏನು ರೋಗ ಬಂದಿತ್ತು?"

ಅಷ್ಟು ಕೂಗಿದವಳು ಗಕ್ಕನೆ ನಿಂತಳು. ಬಂದಿದ್ದನಲ್ಲ. ಬಂದು ಕೇಳಿದ್ದನಲ್ಲ. ಬೂಟು, ದುರ್ಬೀನು. ಒಳಗೆ ಏನೂ ಇಲ್ಲ ಸ್ವಾಮಿ, ಬರೀ ಮುಳ್ಳು. ಅವನು ಕುರುಡನಾಗಿರಲಿಲ್ಲ. ಅಪ್ಪ ಹೇಳಿದ್ದನ್ನೇ ಬರೆದುಕೊಂಡು ಹೋಗಿದ್ದ.

ಅವಳು ಓಡುತ್ತಲೇ ರೊಪ್ಪಕ್ಕೆ ಬಂದಳು. ಓಬಯ್ಯ ಹಗ್ಗ ಹೊಸೆಯುತ್ತಾ ಕೂತಿದ್ದ. ವಿಷಯ ಕೇಳಿ ಅವನ ಮುಖ ಕಪ್ಪಿಟ್ಟಿತು. ಆದರೂ, "ಅಪ್ಪ ಮಾಡಿದ್ದು ತಪ್ಪಲ್ಲ ಅಕ್ಕ. ಬೂಟು ಒಳಗೆ ಬರೋದು ತಪ್ಪಿಸ್ದ" ಅಂದ.

"ಥೂ ನಿನ್ನ! ಬೂಟು ತಪ್ಪಿಸೋಕೆ ಹೋಗಿ ರೊಪ್ಪಾನೇ ತಪ್ಪಿಸ್ದ. ಹೊರಗೆ ನಿಲ್ಲಿಸಿ 'ಇಲ್ಲಿ ದೇವರೆತ್ತು ಐತೆ, ಬರ್ಕೋ' ಅನ್ನೋಕೆ ನಾಲಿಗೆ ಸೇದಿ ಹೋಗಿತ್ತಾ ಅವನಿಗೆ?"

"ಮೆಟ್ಟು ಹಾಕಿದೋರ ಮುಂದೆ ದೇವರ ಹೆಸರು ಎತ್ತಬಾರದು. ನಿಂಗೂ ಗೊತ್ತು."

ಗೊತ್ತಿತ್ತು. ಅದಕ್ಕೇ ಅವಳಿಗೆ ಮತ್ತಷ್ಟು ಉರಿಯಿತು. ಯಾರಿಗೆ ಬೈಯಬೇಕು? ಸತ್ತ ಅಪ್ಪನಿಗೆ? ನಕ್ಕ ಹಟ್ಟಿಗೆ? ಪ್ರತಿ ಉಗಾದಿಗೂ ಹೊಟ್ಟೆ ಹಿಡಿದುಕೊಂಡು ನಕ್ಕ ತನಗೆ? ಕೈಗೆ ಸಿಕ್ಕ ಬೇಲಿಯ ಕಡ್ಡಿಯನ್ನೇ ಮುರಿದು ಬಿಸಾಡಿದಳು.

ಸುಲೋಚನಮ್ಮ ಸುಮ್ಮನಿರಲಿಲ್ಲ. ತಾವೇ ಹೋಗಿ ಸೋಮಶೇಖರಪ್ಪನವರ ಹತ್ತಿರ ಮಾತಾಡಿದರು. ನಕಾಶೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ನೆಲದ ಮೇಲೂ ಇಲ್ಲ ಅಂತಲ್ಲ, ಒಮ್ಮೆ ಬಂದು ಕಣ್ಣಾರೆ ನೋಡಿ ಅಂದರು. ಸಾಹೇಬರು ಒಪ್ಪಿದರು. ಒಳಗೆ ದನ ಇದ್ದು, ಹಳೇ ಕಾಲದ ರೊಪ್ಪ ಅನ್ನುವುದು ಕಂಡರೆ ಹಾಗೆಯೇ ಬರೆಯುತ್ತೇನೆ, ಊರಿನ ಹೊಸ ನಕಾಶೆ ತಯಾರಾಗುತ್ತಿದೆ, ಅದರಲ್ಲೂ ಸೇರಿಸುತ್ತೇನೆ ಅಂದರು. ಕಾಣದಿದ್ದರೆ ಜಾಗ ಸಂಘಕ್ಕೆ. ಸಾಹೇಬರು ಬರುವ ದಿನ ದನಗಳನ್ನು ಮೇಯಲು ಬಿಡಬೇಡವೆಂದು ಬೋರಕ್ಕ ತಮ್ಮನಿಗೆ ತಾಕೀತು ಮಾಡಿದಳು.

ಸಾಹೇಬರು ಜೀಪಿನಲ್ಲಿ ಬಂದರು. ಹಿಂದೆಯೇ ಸಂಘದವರ ಕಾರು. ಹಟ್ಟಿಯ ಜನವೆಲ್ಲ ಸೇರಿತ್ತು, ಹಟ್ಟಿಯ ಯಜಮಾನ ಚಿಕ್ಕೀರಪ್ಪನೂ ಕಂಬಳಿ ಹೊದ್ದು ನಿಂತಿದ್ದ. ಓಬಯ್ಯ ರೊಪ್ಪದ ಬಾಯಿಗೆ ಎಳೆದಿದ್ದ ಮುಳ್ಳಿನ ಮುಂದೆ ಕೈಮುಗಿದು, "ಸ್ವಾಮಿ, ಬೂಟು ಬಿಟ್ಟು ಒಳಗೆ ದಯಮಾಡಿಸ್ಬೇಕು" ಅಂದ.

ಸೋಮಶೇಖರಪ್ಪ ಪೇಚಿಗೆ ಸಿಕ್ಕರು. ಅವರಿಗೆ ಸಕ್ಕರೆ ಕಾಯಿಲೆ, ಬಲಗಾಲಿನ ಅಡಿಯಲ್ಲಿ ಹುಣ್ಣು. ಮನೆಯಾಚೆ ಬೂಟು ಬಿಚ್ಚಿ ಹುಣ್ಣಿಗೆ ಧೂಳು ತಾಗಿದರೂ ಕಾಲೇ ತೆಗೆಯಬೇಕಾಗುತ್ತದೆಂದು ಡಾಕ್ಟರು ಹೆದರಿಸಿದ್ದರಂತೆ. ಎದುರಿಗಿದ್ದದ್ದು ಮುಳ್ಳಿನ ರಾಶಿ. "ಹೊರಗಿಂದಲೇ ನೋಡ್ತೀನಪ್ಪ" ಎಂದು ಕತ್ತು ಚಾಚಿದರು. ಆಳೆತ್ತರದ ಬೇಲಿ. ಬರೀ ಮುಳ್ಳು ಕಂಡಿತು.

"ಗೋಣಿತಾಟು ತರ್ತೀನಿ, ಬೂಟಿನ ಮೇಲೆ ಸುತ್ತೋಣ" ಅಂದಳು ಬೋರಕ್ಕ.

"ಸುತ್ತಿದ್ರೂ ಒಳಗೆ ಇರೋದು ಚರ್ಮಾನೇ ಅಕ್ಕ" ಅಂದ ಓಬಯ್ಯ.

"ಹೊತ್ಕೊಂಡು ಹೋಗು ಹಂಗಾದ್ರೆ!"

"ಹೊತ್ರೂ ಬೂಟು ಒಳಗೆ ಬಂದಂಗೇ."

ಸಂಘದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. "ಸಾರ್, ಟೈಮ್ ವೇಸ್ಟ್ ಯಾಕೆ? ಒಳಗೆ ಏನೂ ಇಲ್ಲ. ಇದ್ದಿದ್ರೆ ತೋರಿಸ್ತಿದ್ರು" ಅಂದ. ಸೋಮಶೇಖರಪ್ಪ ಪೆನ್ನು ತೆಗೆದು, "ದನ ಆಚೆ ಹೊಡೆದು ತೋರಿಸಿದ್ರೂ ಸಾಲ್ದು, ರೊಪ್ಪ ಹಳೇದು ಅನ್ನೋದನ್ನ ನಾನು ನೋಡದೆ ಹೆಂಗೆ ಬರೀಲಿ? ಇನ್ನೇನು ಮಾಡ್ಲಪ್ಪ" ಎಂದು ಜೀಪಿನ ಕಡೆ ತಿರುಗಿದರು.

ಬೋರಕ್ಕ ತಮ್ಮನ ಮುಖ ನೋಡಿದಳು. ಅಪ್ಪನದೇ ಮೂಗು, ಅಪ್ಪನದೇ ಹಟ, ಅಡ್ಡ ಹಿಡಿದ ಅಪ್ಪನದೇ ಕೋಲು. ಮತ್ತೆ ಅದೇ ಆಗುತ್ತಿದೆ, ಇನ್ನೊಮ್ಮೆ ತಮ್ಮ ಕೈಯಾರೆ ಮಣ್ಣು ಹಾಕಿಕೊಳ್ಳುತ್ತಿದ್ದೇವೆ ಅನ್ನಿಸಿ ಅವಳ ನೆತ್ತಿ ಸುಟ್ಟಿತು. ಓಬಯ್ಯನನ್ನು ಎರಡೂ ಕೈಯಲ್ಲಿ ತಳ್ಳಿದಳು. ಮುಳ್ಳಿನ ರಾಶಿಯನ್ನು ತಬ್ಬಿ ಎಳೆದು ಆಚೆ ಎಸೆದಳು, ಮೊಳಕೈ ತನಕ ರಕ್ತ ಇಳಿಯಿತು. ಸಾಹೇಬರ ಮುಂಗೈ ಹಿಡಿದಳು.

"ಬರ್ರಿ! ಬೂಟು ಹಾಕ್ಕೊಂಡೇ ಬರ್ರಿ! ನೋಡ್ರಿ, ಬರೀರಿ!"

"ಅಕ್ಕಾ!" ಎಂದು ಓಬಯ್ಯ ಕಿರುಚಿದ. ಅಷ್ಟರಲ್ಲಿ ಅವಳು ಒಳಗಿದ್ದಳು. ಸಾಹೇಬರೂ ಒಳಗಿದ್ದರು, ಬೂಟು ಸಮೇತ. ಕಮರದ ಕೆಳಗೆ ದನಗಳು ಕಿವಿ ನಿಮಿರಿಸಿ ನಿಂತಿದ್ದವು. ಬಿಳಿ ಎತ್ತು, ಕೊಂಬು ಒಳಕ್ಕೆ ಬಾಗಿದ ಮುದಿ ಹಸು, ಎಳೆ ಕರುಗಳು. ಮದುವೆಯಾದ ಮೇಲೆ ಮೊದಲ ಸಲ ಅವಳು ಅವನ್ನು ಬೇಲಿಯೊಳಗೆ ನಿಂತು ನೋಡಿದ್ದು. ಸಂದಿಯಲ್ಲಿ ಅಂಗೈ ನೆಕ್ಕುತ್ತಿದ್ದದ್ದು ಇವುಗಳಲ್ಲಿ ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ.

ಸೋಮಶೇಖರಪ್ಪ ಮರ ನೋಡಿದರು, ನೆಲ ನೋಡಿದರು, ಸತ್ತ ಎತ್ತುಗಳನ್ನು ಮಣ್ಣು ಮಾಡಿ ನಿಲ್ಲಿಸಿದ ಕಲ್ಲುಗಳ ಸಾಲು ನೋಡಿದರು. "ಇದು ನಮ್ಮ ಅಜ್ಜನ ಕಾಲಕ್ಕಿಂತ ಹಿಂದಿನದು ಕಣಮ್ಮ" ಎಂದು ಅಲ್ಲೇ ನಿಂತು ಬರೆದರು. ಸಂಘದವರ ಕಾರು ಧೂಳೆಬ್ಬಿಸಿಕೊಂಡು ಹೋಯಿತು. ರೊಪ್ಪ ಉಳಿಯಿತು.

ಹಾಗಂತ ಬೋರಕ್ಕ ಅಂದುಕೊಂಡಳು. ವಾರ ಕಳೆಯುವ ಮೊದಲೇ ಯಜಮಾನರು ಸೇರಿದರು. ಕೊಟ್ಟ ಹೆಣ್ಣು ತಾನೂ ಒಳಗೆ ಹೋಗಿ, ಕೈಯಾರೆ ಮೆಟ್ಟನ್ನೂ ಒಳಗೆ ಕರೆದುಕೊಂಡು ಹೋದಳು, ಆ ನೆಲ ಇನ್ನು ದೇವರಿಗೆ ಆಗಿಬರುವುದಿಲ್ಲ, ದನ ದೊಡ್ಡಉಳ್ಳಾರ್ತಿ ಕಾವಲಿಗೆ ಹೋಗಲಿ ಅಂದ ಚಿಕ್ಕೀರಪ್ಪ. ಆ ಕಾವಲಿನ ಪಕ್ಕ ಅವನ ಅಳಿಯನ ಹೊಲ ಇತ್ತು. ದೇವರೆತ್ತು ತಮ್ಮ ಕಡೆ ಬರಲೆಂದು ಆ ಕಡೆಯವರು ಬಹಳ ದಿನದಿಂದ ಬಾಯಿ ಬಿಡುತ್ತಿದ್ದರು. ಇದು ಹಟ್ಟಿಗೆಲ್ಲ ಗೊತ್ತಿದ್ದರೂ ಒಬ್ಬರೂ ತುಟಿ ಬಿಚ್ಚಲಿಲ್ಲ.

"ಗಂಜಲ ಹಾಕಿ ತೊಳೀರಿ, ಶುದ್ಧಿ ಮಾಡ್ರಿ! ಬೇಕಾದ್ರೆ ನನ್ನ ಹಟ್ಟಿಯಿಂದ ಹೊರಗೆ ಹಾಕ್ರಿ, ದನ ಯಾಕೆ ಹೊರಗೆ ಹಾಕ್ತೀರಿ?" ಎಂದು ಬೋರಕ್ಕ ನಡುವೆ ನುಗ್ಗಿದಳು.

"ನೀನು ಬಾಯಿ ಮುಚ್ಚು ಬೋರಿ. ನೀನು ಮಾಡಿದ್ದೇ ಸಾಕು" ಅಂದ ಚಿಕ್ಕೀರಪ್ಪ.

"ನಾನು ಮಾಡದಿದ್ರೆ ಇಷ್ಟೊತ್ತಿಗೆ ಇಲ್ಲಿ ಯಾವನೋ ಸಾಹುಕಾರನ ಕಕ್ಕಸು ಕಟ್ತಿದ್ರಲ್ಲೋ, ನಾಚ್ಕೆಗೆಟ್ಟೋನೆ!"

ಬೆಳಗ್ಗೆ ದನ ಆ ಕಡೆ ಹೊಡೆದುಕೊಂಡು ಹೊರಟರು. ಕಿಲಾರಿ ದನದ ಜೊತೆ ಹೋಗಲೇಬೇಕು, ಓಬಯ್ಯ ಹೊರಟ. ಅಕ್ಕನ ಮುಖ ನೋಡಲಿಲ್ಲ. ಅಪ್ಪನ ಕೋಲನ್ನು ರೊಪ್ಪದ ಬಾಯಿಯಲ್ಲಿ ಒರಗಿಸಿ ಹೋದ. ಬಿಟ್ಟು ಹೋದನೋ, ಮರೆತು ಹೋದನೋ, ಅವನೇ ಬಲ್ಲ. ಹೋದವನು ಮತ್ತೆ ಅವಳ ಮನೆ ಹೊಸ್ತಿಲು ತುಳಿಯಲಿಲ್ಲ.

ಮರು ವರ್ಷ ಊರಿನ ಹೊಸ ನಕಾಶೆ ಬಂತು. ಸುಲೋಚನಮ್ಮ ಖುಷಿಯಾಗಿ ತಂದು ಬಿಚ್ಚಿದರು. ದಿಬ್ಬದ ಮೇಲೆ ಚೌಕ, ಅದರ ಪಕ್ಕ ಅಕ್ಷರ. "ದೇವರೆತ್ತಿನ ರೊಪ್ಪ ಅಂತ ಬರೆದಿದ್ದಾರೆ ಬೋರಕ್ಕ" ಎಂದು ಅವಳ ಬೆರಳು ಹಿಡಿದು ಅಲ್ಲಿ ಇಟ್ಟರು.

"ದನ ಇದ್ದಾಗ ಕಾಗದದಾಗೆ ಖಾಲಿ, ಈಗ ಕಾಗದದಾಗೆ ಐತೆ, ನೆಲ ಖಾಲಿ. ಒಯ್ದು ಒಲೆಗೆ ಹಾಕ್ರಿ ಮೇಡಮ್ಮ" ಎಂದು ಅವಳು ಬೆರಳು ಕಿತ್ತುಕೊಂಡಳು. ಸುಲೋಚನಮ್ಮ ಹಾಳೆಯನ್ನು ಮತ್ತೆ ಸುರುಳಿ ಸುತ್ತಿದರು.

ಆಮೇಲೆ ಬೋರಕ್ಕ ಮಿಲ್ಲು ಬಿಟ್ಟ ಮೇಲೆ ಮನೆಗೆ ಹೋಗುವುದನ್ನೇ ಬಿಟ್ಟಳು. ರೊಪ್ಪದ ನೆಲ ಗುಡಿಸುವಳು, ಜರಿದ ಬೇಲಿಗೆ ಹೊಸ ಮುಳ್ಳು ಒಟ್ಟುವಳು, ಅಪ್ಪನ ಕೋಲು ತೊಡೆಯ ಮೇಲೆ ಇಟ್ಟುಕೊಂಡು ರೊಪ್ಪದ ಬಾಯಲ್ಲಿ ಕೂರುವಳು. ಕಸ ಸುರಿಯಲು ಬಂದವರ ಬೆನ್ನು ಕಾಯಿಸಿದಳು. ಖಾಲಿ ಬಿದ್ದಿದೆಯಲ್ಲ, ಈಗಲಾದರೂ ಬಿಡು ಎಂದು ಬಂದ ಸಂಘದವನಿಗೆ ಇಡೀ ಬೀದಿ ಕಿವಿ ಮುಚ್ಚಿಕೊಳ್ಳುವಂತೆ ಬೈದು ಕಳಿಸಿದಳು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿದ ಒಬ್ಬ ಬಂದ. ಕೈಯಲ್ಲಿ ಅದೇ ಹೊಸ ನಕಾಶೆ. ಅಚ್ಚಾದದ್ದೆಲ್ಲ ಸರಿ ಇದೆಯೇ ಎಂದು ಊರೂರು ತಿರುಗಿ ತಾಳೆ ನೋಡುವ ಕೆಲಸ ಅವನದು. ಕಾಲಲ್ಲಿ ಕಪ್ಪು ಬೂಟು.

"ಅಮ್ಮಾ, ಇಲ್ಲಿ ರೊಪ್ಪ ಅಂತ ಬರೆದಿದೆ. ಒಳಗೆ ಏನಿದೆ?"

ಬೋರಕ್ಕನ ಕೈ ಕೋಲಿಗೆ ಹೋಯಿತು. "ಬೂಟು ಬಿಚ್ಚು. ಆಮೇಲೆ ಕೇಳು" ಎಂದು ಗುಡುಗಿದಳು.

ಅವನು "ಹೌದಾ? ಸರಿ ಅಮ್ಮ" ಅಂದ. ಅಷ್ಟೇ. ಅಲ್ಲೇ ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿದ, ಕಾಲುಚೀಲವನ್ನೂ ಕಳಚಿ ಬೂಟಿನೊಳಗೆ ತುರುಕಿದ. ಬರಿಗಾಲಲ್ಲಿ ಮುಳ್ಳು ನೋಡಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಒಳಗೆ ಹೋದ. ಕಮರದ ಕೆಳಗೆ ನಿಂತು, ಗುಡಿಸಿದ ಬರಿ ನೆಲವನ್ನು ಸುತ್ತಲೂ ನೋಡಿ, ಅವಳ ಕಡೆ ತಿರುಗಿದ. "ತೋರಿಸಮ್ಮ."

ಬೋರಕ್ಕ ಕೋಲು ಎತ್ತಿಕೊಂಡು ಅವನ ಹಿಂದೆಯೇ ನುಗ್ಗಿದಳು. ಹೊಡೆದೇ ಬಿಡುತ್ತಾಳೆ ಅನ್ನಿಸಿತು ಅವನಿಗೆ. ಅವಳು ಹೊಡೆಯಲಿಲ್ಲ. ಅವನ ಬಿಳಿಚಿದ ಬರಿಗಾಲು ನೋಡುತ್ತಾ ನಿಂತಳು. ಕೋಲು ಕೈಯಿಂದ ಜಾರಿತು.

"ಇಷ್ಟೇ ಸುಲಭ ಇತ್ತೇನೋ ನಿಮಗೆ?" ಎಂದು ಅವಳು ಕೂಗಿದಳು. "ನಮ್ಮಪ್ಪ ಕೋಲು ಹಿಡ್ಕೊಂಡು ನಿಂತಿದ್ದಾಗ ಎಲ್ಲಿ ಸತ್ತಿದ್ರೋ ನೀವೆಲ್ಲ? ಇಷ್ಟೇ ಸುಲಭ ಇತ್ತಾ!"